ಹಳ್ಳಿಗೆ ಹೊಸ ರೂಢಿ ಹಾಕಿಕೊಟ್ಟ ರೈಫೈಸನ್



ನಮ್ಮ ಸಂಘದ ಬೆಳ್ಳಿಹಬ್ಬದಲ್ಲಿ ದೂರದ ಜರ್ಮನಿಯ ಒಬ್ಬರನ್ನು ನೆನೆಯೋದು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನೆರೆಯವನಿಗೆ ಜಾಮೀನು ನಿಲ್ಲುವುದು, ಸುಗ್ಗಿ ಆದ ಮೇಲೆ ಕಂತು ಕಟ್ಟುವುದು, ಸಭೆಯಲ್ಲಿ ಕೂತು ಲೆಕ್ಕ ಕೇಳುವುದು ಇವೆಲ್ಲ ಈಗ ನಮಗೆ ಮಾಮೂಲಿ. ಆದರೆ ಇವು ತಾನಾಗಿ ಬಂದ ರೂಢಿಗಳಲ್ಲ. ಹಳ್ಳಿಯ ಬಡವರ ನಡುವೆ ಇವನ್ನು ಬೆಳೆಸಲು ಆಯುಷ್ಯ ಸವೆಸಿದವರು ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್.

ಅವರು ಹುಟ್ಟಿದ್ದು 1818ರ ಮಾರ್ಚ್ 30ರಂದು, ಜೀಗ್ ನದಿಯ ದಂಡೆಯ ಹಮ್ ಎಂಬ ಊರಿನಲ್ಲಿ. ಮನೆ ತುಂಬ ಮಕ್ಕಳು. ಕಷ್ಟದಲ್ಲೇ ತಾಯಿ ಸಾಕಿದರು. ದೊಡ್ಡ ಓದು ಓದಿಸಲು ಹಣವಿರಲಿಲ್ಲ. 17ನೇ ವಯಸ್ಸಿಗೆ ಸೈನ್ಯ ಸೇರಿದರು. ಕಣ್ಣಿನ ಬೇನೆ ಬಂದು 1843ರಲ್ಲಿ ಅದನ್ನೂ ಬಿಡಬೇಕಾಯಿತು. ಆಮೇಲೆ ಸರ್ಕಾರಿ ಕೆಲಸಕ್ಕೆ ಸೇರಿ 1845ರಲ್ಲಿ ವೈಯರ್‌ಬುಷ್ ಎಂಬ ಹಳ್ಳಿಗಾಡಿನ ಮೇಯರ್ ಆದರು.

1846-47ರ ಚಳಿಗಾಲದಲ್ಲಿ ಅಲ್ಲಿ ಬರ ಬಿತ್ತು. ಬಡವರ ಕೈಯಲ್ಲಿ ಕಾಸಿರಲಿಲ್ಲ. ರೈಫೈಸನ್ ಊರಿನ ಅನುಕೂಲಸ್ಥರನ್ನು ಸೇರಿಸಿ ನಿಧಿ ಮಾಡಿ, ಹಿಟ್ಟನ್ನು ಸಾಲವಾಗಿ ಕೊಡಿಸಿದರು. ಊರವರೇ ಸೇರಿ ರೊಟ್ಟಿ ಸುಡುವ ಒಲೆಮನೆ ಕಟ್ಟಿದರು. ಧರ್ಮಕ್ಕೆ ಹಂಚದೆ ಸಾಲವಾಗಿ ಕೊಟ್ಟದ್ದರಲ್ಲೇ ಅವರ ಮುಂದಿನ ದಾರಿಯ ಬೀಜವಿತ್ತು.

ಮುಂದೆ ಫ್ಲಾಮರ್ಸ್‌ಫೆಲ್ಡ್‌ಗೆ ಹೋದಾಗ, ರೈತರು ದನಕ್ಕಾಗಿ ಸಾಲ ಮಾಡಿ ಬಡ್ಡಿಯಲ್ಲಿ ಮುಳುಗಿದ್ದನ್ನು ಕಂಡರು. 1849ರಲ್ಲಿ ಅಲ್ಲಿ ನೆರವಿನ ಸಂಘ ಕಟ್ಟಿದರು. ಸಂಘವೇ ದನ ಕೊಂಡು ರೈತನಿಗೆ ಕೊಡುವುದು, ರೈತ ವರ್ಷ ವರ್ಷ ಕಂತಿನಲ್ಲಿ ತೀರಿಸುವುದು. 1854ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಇನ್ನೊಂದು ಸಂಘ. ಅನಾಥ ಮಕ್ಕಳು, ಜೈಲಿನಿಂದ ಬಿಡುಗಡೆಯಾದವರು, ಪುಸ್ತಕಾಲಯ, ಎಲ್ಲದರ ಜವಾಬ್ದಾರಿಯೂ ಅದರ ಮೇಲೆ.

ಆದರೆ ಈ ಸಂಘಗಳು ನಿಂತದ್ದು ಸಿರಿವಂತರ ದಯೆಯ ಮೇಲೆ. ಮೊದಲ ವರ್ಷದ ಹುರುಪು ಆಮೇಲೆ ಉಳಿಯಲಿಲ್ಲ. ಪಡೆಯುವವರಿಗೂ ಅದು ತಮ್ಮ ಸಂಘ ಅನ್ನಿಸಲಿಲ್ಲ. ದಾನವೇ ದೊಡ್ಡದೆಂದು ನಂಬಿದ್ದ ರೈಫೈಸನ್‌ರಿಗೆ ಆ ನಂಬಿಕೆ ಬಿಡೋದು ಸುಲಭವಾಗಿರಲಿಲ್ಲ. ಹದಿನೈದು ವರ್ಷದ ಅನುಭವ ಅವರನ್ನು ಬದಲಿಸಿತು. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಸಾಲ ಬೇಕಾದವರೇ ಸದಸ್ಯರಾಗುವ ಸಂಘ ಕಟ್ಟಿದರು.

ಅದರ ನಿಯಮಗಳನ್ನು ಗಮನಿಸಿ. ಸಂಘದ ಎಲ್ಲೆ ಚಿಕ್ಕದು, ಒಬ್ಬರನ್ನೊಬ್ಬರು ಬಲ್ಲವರೇ ಸದಸ್ಯರು. ಸಾಲ ಇಂಥದ್ದಕ್ಕೇ ಅಂತ ಹೇಳಿ ಪಡೆಯಬೇಕು, ಅದಕ್ಕೇ ಬಳಸಬೇಕು. ಆಡಳಿತ ಮಂಡಲಿಗೆ ಸಂಬಳವಿಲ್ಲ. ಲಾಭ ಹಂಚಿಕೊಳ್ಳದೆ ಕಾಯ್ದಿಟ್ಟ ನಿಧಿಗೆ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಂಘದ ಸಾಲಕ್ಕೆ ಪ್ರತಿ ಸದಸ್ಯನೂ ತನ್ನ ಇಡೀ ಆಸ್ತಿಯ ಮಟ್ಟಿಗೆ ಹೊಣೆ.

ರೂಢಿ ನೆಲೆಯೂರಲು ಕಾರಣವೇ ಇದು. ಒಬ್ಬ ಸುಸ್ತಿಯಾದರೆ ಹೊರೆ ಎಲ್ಲರ ತಲೆ ಮೇಲೆ. ಹೀಗಾಗಿ ಸಾಲದ ಹಣ ಕುಡಿತಕ್ಕೆ, ಜೂಜಿಗೆ ಹೋಗದಂತೆ ಪಕ್ಕದ ಮನೆಯವನೇ ನೋಡಿಕೊಳ್ಳುತ್ತಿದ್ದ. ಕಂತು ಚಿಕ್ಕದು, ವಾಯಿದೆ ಗೊತ್ತಾದದ್ದು, ಕಟ್ಟಿದರೆ ಮತ್ತೆ ಸಾಲ ಖಾತ್ರಿ. ಬರೀ ಬುದ್ಧಿವಾದದಿಂದ ಯಾರೂ ಬದಲಾಗೋದಿಲ್ಲ. ಒಳ್ಳೆಯ ದಾರಿ ಸುಲಭವಾಗಬೇಕು, ಜೊತೆಗೆ ನಡೆಯುವವರು ಇರಬೇಕು.

ಅಷ್ಟರಲ್ಲಿ ಅವರ ಬದುಕೇ ಕತ್ತಲಾಗುತ್ತಿತ್ತು. 1863ರಲ್ಲಿ ಹೆಂಡತಿ ಎಮಿಲಿ ತೀರಿಕೊಂಡರು. ಆರೋಗ್ಯ ಕೆಟ್ಟು 1865ರಲ್ಲಿ ಹುದ್ದೆ ಬಿಡಬೇಕಾಯಿತು. ದೃಷ್ಟಿ ಮಂಕಾದರೂ ಕೆಲಸ ನಿಲ್ಲಿಸಲಿಲ್ಲ. ಮಗಳು ಅಮಾಲಿಯ ನೆರವಿನಿಂದ ಸಾಲ ಸಂಘಗಳ ಬಗ್ಗೆ ಬರೆದ ಪುಸ್ತಕ 1866ರಲ್ಲಿ ಹೊರಬಂತು. ಅದನ್ನು ಓದಿ ಊರೂರಲ್ಲಿ ಸಂಘಗಳು ಎದ್ದವು. 1888ರ ಮಾರ್ಚ್ 11ರಂದು ರೈಫೈಸನ್ ಕಣ್ಮುಚ್ಚಿದರು.

ಅವರ ದಾರಿ ನಮ್ಮ ನಾಡಿಗೂ ಬಂತು. ಮದರಾಸು ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯುರೋಪಿನ ಸಂಘಗಳನ್ನು ಅಭ್ಯಸಿಸಿ, ಇಲ್ಲಿಗೂ ರೈಫೈಸನ್ ಮಾದರಿಯೇ ತಕ್ಕದ್ದೆಂದು ವರದಿ ಕೊಟ್ಟರು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯಿದೆ ಬಂತು. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು.

ಬಂಧುಗಳೇ, ಇಪ್ಪತ್ತೈದು ವರ್ಷ ನಮ್ಮ ಸಂಘ ನಿಂತದ್ದು ವಾಯಿದೆಗೆ ಸರಿಯಾಗಿ ಕಟ್ಟಿದವರಿಂದ. ಈಚೆಗೆ ಕೈಯಲ್ಲಿ ಹಣವಿದ್ದರೂ ಮನ್ನಾ ಆದೀತು ಅಂತ ಕಾಯೋ ಇನ್ನೊಂದು ರೂಢಿಯೂ ನಮ್ಮೊಳಗೆ ಹೊಕ್ಕಿದೆ. ಬೆಳೆ ಹೋಗಿ ನಿಜಕ್ಕೂ ಕಷ್ಟದಲ್ಲಿರುವವನ ಮಾತು ಬೇರೆ, ಅವನ ಕೈ ಹಿಡಿಯೋದು ಸಂಘದ ಧರ್ಮ. ಆದರೆ ಇದ್ದವನು ಕಟ್ಟದಿದ್ದರೆ ಇಲ್ಲದವನಿಗೆ ಕೊಡಲು ಗಲ್ಲಾಪೆಟ್ಟಿಗೆಯಲ್ಲಿ ಏನಿರುತ್ತೆ? ಬರುವ ಸುಗ್ಗಿಗೆ ಮೊದಲ ಚೀಲ ಮಾರಿದ ದಿನವೇ ಸಂಘದ ಮೆಟ್ಟಿಲು ಹತ್ತೋಣ. ಮಕ್ಕಳನ್ನೂ ಜೊತೆಗೆ ಕರೆತರೋಣ. ಅವರು ಕಣ್ಣಾರೆ ಕಂಡದ್ದೇ ಮುಂದಿನ ಇಪ್ಪತ್ತೈದು ವರ್ಷದ ರೂಢಿ.