ಸನ್ನಿಸೈಡ್ ಮನೆಯ ಜನರಲ್ ತಿಮ್ಮಯ್ಯ



ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿ ಮ್ಯೂಸಿಯಂ ಇರೋದು ನಮಗೆಲ್ಲ ಗೊತ್ತು. ಅರಸರ ಮನೆ ಮ್ಯೂಸಿಯಂ ಆಗುವುದು ಸಹಜ. ಆದರೆ ಮಡಿಕೇರಿಯಲ್ಲಿ ಒಬ್ಬ ಸೈನಿಕನ ಮನೆಯೇ ಸೇನಾ ಮ್ಯೂಸಿಯಂ ಆಗಿದೆ. ಆ ಮನೆಯ ಹೆಸರು ಸನ್ನಿಸೈಡ್. ಆ ಸೈನಿಕರೇ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ತಿಮ್ಮಯ್ಯನವರು ಹುಟ್ಟಿದ್ದು 1906ರ ಮಾರ್ಚ್ ತಿಂಗಳಲ್ಲಿ, ಮಡಿಕೇರಿಯಲ್ಲಿ. ಅವರದು ಕಾಫಿ ತೋಟದ ಮನೆತನ. ಕೂನೂರು, ಬೆಂಗಳೂರು, ಡೆಹರಾಡೂನ್‌ಗಳಲ್ಲಿ ಓದಿದರು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಸೇನಾಧಿಕಾರಿ ಆದರು. 1935ರಲ್ಲಿ ಕ್ವೆಟ್ಟಾದಲ್ಲಿ ಭಾರೀ ಭೂಕಂಪ ಆಯಿತು. ಆಗ ತಿಮ್ಮಯ್ಯ ಮತ್ತು ಅವರ ಪತ್ನಿ ನೀನಾ ಇಬ್ಬರೂ ಗಾಯಗೊಂಡವರ ಸೇವೆಗೆ ನಿಂತರು.

ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು. ಭಾರತೀಯರಿಗೆ ದೊಡ್ಡ ಅಧಿಕಾರ ಕೊಡಲು ಬ್ರಿಟಿಷರು ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ತಿಮ್ಮಯ್ಯನವರು ಯುದ್ಧಭೂಮಿಯಲ್ಲಿ ಇಡೀ ಒಂದು ಬ್ರಿಗೇಡನ್ನು ನಡೆಸಿದರು. ಅವರ ಸೋದರ ಪೊನ್ನಪ್ಪ ಮಾತ್ರ ಸುಭಾಷ್ ಚಂದ್ರ ಬೋಸರ ಐ.ಎನ್.ಎ. ಸೇರಿದ್ದರು. ಒಂದೇ ಮನೆಯ ಮಕ್ಕಳು ಎರಡು ಸೈನ್ಯಗಳಲ್ಲಿ! ಇನ್ನೊಬ್ಬ ಸೋದರ ಸೋಮಯ್ಯ ಮುಂದೆ ಕಾಶ್ಮೀರ ಯುದ್ಧದಲ್ಲಿ ನೆಲಬಾಂಬಿಗೆ ಬಲಿಯಾದರು.

ಅದೇ ಕಾಶ್ಮೀರ ಯುದ್ಧದಲ್ಲಿ ತಿಮ್ಮಯ್ಯನವರ ದೊಡ್ಡ ಸಾಹಸ ನಡೆಯಿತು. ಲಡಾಖಿಗೆ ಹೋಗುವ ಜೋಜಿಲಾ ಕಣಿವೆ ಶತ್ರುಗಳ ಕೈಯಲ್ಲಿತ್ತು. ಅದರ ಎತ್ತರ 11 ಸಾವಿರ ಅಡಿಗೂ ಹೆಚ್ಚು, ಮೇಲೆ ಹಿಮ ಬೇರೆ. ಅಲ್ಲಿಗೆ ಟ್ಯಾಂಕು ಹತ್ತಿಸಬೇಕು ಅಂತ ತಿಮ್ಮಯ್ಯ ನಿರ್ಧರಿಸಿದರು. ಒಂದೊಂದು ಟ್ಯಾಂಕೂ 12 ಟನ್ನಿಗೆ ಮಿಕ್ಕಿದ ತೂಕದ್ದು. ಕಬ್ಬಿಣದ ಊರು ಭದ್ರಾವತಿಯ ಕಡೆಯವರಾದ ನಮಗೆ ಅದು ಎಂಥ ಭಾರ ಅಂತ ಬಿಡಿಸಿ ಹೇಳಬೇಕಿಲ್ಲ! ಶತ್ರುಗಳಿಗೆ ಸುಳಿವು ಸಿಗಬಾರದೆಂದು ಟ್ಯಾಂಕಿನ ಮೇಲಿನ ತೋಪಿನ ಭಾಗ ಬಿಚ್ಚಿ, ಮರೆಮಾಚಿ ಸಾಗಿಸಿದರು. ಮದ್ರಾಸ್ ಸ್ಯಾಪರ್ಸ್ ಪಡೆಯವರು ಬೆಟ್ಟ ಕಡಿದು ದಾರಿ ಮಾಡಿದರು. 1948ರ ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ಸೇನಾಪತಿ ತಿಮ್ಮಯ್ಯ ಹಿಂದೆ ಕೂತು ಅಪ್ಪಣೆ ಕೊಡಲಿಲ್ಲ, ಮುಂದಿನ ಟ್ಯಾಂಕಿನಲ್ಲೇ ಇದ್ದರು. ಜೋಜಿಲಾ ನಮ್ಮದಾಯಿತು.

ಯುದ್ಧ ಗೆಲ್ಲುವವರು ಬಹಳ ಜನ ಇರಬಹುದು. ಯುದ್ಧ ಮುಗಿದ ಮೇಲೆ ಎರಡೂ ಕಡೆಯವರ ಮಧ್ಯೆ ನಿಲ್ಲುವುದು ಇನ್ನೂ ಕಷ್ಟ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ 22 ಸಾವಿರಕ್ಕೂ ಹೆಚ್ಚು ಕೈದಿಗಳು ತಮ್ಮ ಕಡೆಗೆ ವಾಪಸು ಹೋಗಲು ಒಪ್ಪಲಿಲ್ಲ. ಅವರ ವಿಚಾರ ನೋಡಿಕೊಳ್ಳುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಯಾರ ಪಕ್ಷವನ್ನೂ ವಹಿಸದೆ ಆ ಕೆಲಸ ಮಾಡಿದರು. 1954ರಲ್ಲಿ ಅವರಿಗೆ ಪದ್ಮಭೂಷಣ ಬಂತು.

1957ರಿಂದ 1961ರವರೆಗೆ ಅವರು ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರ ಜೊತೆ ಹೊಂದಾಣಿಕೆ ಆಗದೆ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಂಡರು. ನಿವೃತ್ತಿ ಆದ ಮೇಲೂ ಸುಮ್ಮನೆ ಕೂರಲಿಲ್ಲ. 1964ರಲ್ಲಿ ಸೈಪ್ರಸ್ ದ್ವೀಪದ ವಿಶ್ವಸಂಸ್ಥೆ ಶಾಂತಿಪಡೆಗೆ ದಂಡನಾಯಕರಾದರು. ಅಲ್ಲಿ ಗ್ರೀಕರು ಮತ್ತು ತುರ್ಕರು ಹೊಡೆದಾಡುತ್ತಿದ್ದರು. ಅವರ ನಡುವೆ ಶಾಂತಿ ಕಾಯುತ್ತಿರುವಾಗಲೇ, 1965ರ ಡಿಸೆಂಬರ್ 18ರಂದು, ತಿಮ್ಮಯ್ಯನವರು ತೀರಿಕೊಂಡರು. ಸೈಪ್ರಸ್ ಸರ್ಕಾರ 1966ರಲ್ಲಿ ಅವರ ಅಂಚೆಚೀಟಿ ಹೊರಡಿಸಿತು.

ಅವರ ಸನ್ನಿಸೈಡ್ ಮನೆ ಬಹಳ ಕಾಲ ಆರ್.ಟಿ.ಓ. ಕಚೇರಿಯಾಗಿತ್ತು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ಅದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದರು. ಅಂಗಳದಲ್ಲಿ ಟ್ಯಾಂಕು, ಮಿಗ್-21 ವಿಮಾನ ಇವೆ.

ಗೆಳೆಯರೇ, ಮಡಿಕೇರಿಗೆ ಪ್ರವಾಸ ಹೋದರೆ ರಾಜಾಸೀಟು ಒಂದನ್ನೇ ನೋಡಿ ಬರುವುದು ಬೇಡ. ಸನ್ನಿಸೈಡಿಗೂ ಹೋಗೋಣ. ಟ್ಯಾಂಕು ನೋಡಿದಾಗ ಜೋಜಿಲಾ ನೆನಪಾಗುತ್ತದೆ. ಕೊರಿಯಾ, ಸೈಪ್ರಸ್‌ಗಳಲ್ಲಿ ಅವರು ಮಾಡಿದ ಕೆಲಸಕ್ಕೆ ಬಂದೂಕಿಗಿಂತ ತಾಳ್ಮೆಯೇ ಹೆಚ್ಚು ಬೇಕಿತ್ತು. ಅದನ್ನೂ ನೆನೆಯೋಣ.