ಗಣಿತಶಾಸ್ತ್ರಜ್ಞ ಲಿಯೊನಾರ್ಡ್ ಆಯ್ಲರ್ (1707–1783)

ಲಘುತ್ತಮ ಸಾಮಾನ್ಯ ಅಪವರ್ತ್ಯವನ್ನು ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಸಂಖ್ಯೆಗಳನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸುವುದುಂಟು. ಪರೀಕ್ಷೆ ಮುಗಿದೊಡನೆ ಬಹುಮಂದಿ ಅದನ್ನು ಮರೆಯುವುದೂ ಉಂಟು. ಈ ಸರಳ ಕ್ರಿಯೆಯಲ್ಲಿ ಅಡಗಿರುವ ಶಕ್ತಿಯನ್ನು ಜೀವಮಾನದ ದುಡಿಮೆಯಿಂದ ತೋರಿಸಿಕೊಟ್ಟವರಲ್ಲಿ ಆಯ್ಲರನಿಗೆ ಅಗ್ರಸ್ಥಾನ ಸಲ್ಲಬೇಕು.

ಆಯ್ಲರನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1707ನೆಯ ಇಸವಿ ಏಪ್ರಿಲ್ 15ರಂದು ಜನಿಸಿದನು. ತಂದೆ ಕ್ರೈಸ್ತ ಧರ್ಮೋಪದೇಶಕ. ಮಗನೂ ಅದೇ ವೃತ್ತಿಯನ್ನು ಹಿಡಿಯಬೇಕೆಂಬುದು ಆತನ ಅಭಿಲಾಷೆ. ಆದರೆ 13ನೆಯ ವಯಸ್ಸಿನಲ್ಲಿಯೇ ವಿಶ್ವವಿದ್ಯಾಲಯವನ್ನು ಸೇರಿದ ಬಾಲಕನ ಪ್ರತಿಭೆಯನ್ನು ಗಣಿತಾಚಾರ್ಯ ಯೋಹಾನ್ ಬರ್ನೂಲಿ ಗುರುತಿಸಿದನು. ಪ್ರತಿ ಶನಿವಾರ ಮಧ್ಯಾಹ್ನ ಅವನ ಸಂದೇಹಗಳನ್ನು ಪರಿಹರಿಸುತ್ತ, ಕಡೆಗೆ ತಂದೆಯ ಮನಸ್ಸನ್ನೂ ಒಲಿಸಿದನು.

1727ರಲ್ಲಿ ಆಯ್ಲರನು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ವಿಜ್ಞಾನ ಅಕಾಡೆಮಿಯನ್ನು ಸೇರಿದನು. ಅವನನ್ನು ಸಂಖ್ಯಾಶಾಸ್ತ್ರದತ್ತ ತಿರುಗಿಸಿದುದು 1729ರ ಡಿಸೆಂಬರಿನಲ್ಲಿ ಮಿತ್ರ ಗೋಲ್ಡ್‌ಬಾಖ್ ಬರೆದ ಒಂದು ಪತ್ರ. ಫ್ರಾನ್ಸಿನ ಫರ್ಮಾ ಒಂದು ಶತಮಾನದ ಹಿಂದೆ 3, 5, 17, 257, 65537 ಎಂಬ ಸಂಖ್ಯೆಗಳನ್ನು ಪರಿಶೀಲಿಸಿದ್ದನು. ಇವು 2ರ 1, 2, 4, 8, 16ನೆಯ ಘಾತಗಳಿಗೆ 1ನ್ನು ಕೂಡಿಸಿದಾಗ ಬರುವಂಥವು, ಐದೂ ಅವಿಭಾಜ್ಯಗಳು. ಈ ಶ್ರೇಣಿಯ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೆಂದು ಫರ್ಮಾ ನಂಬಿದ್ದನು. ಅಂತಹ ಮಹಾಪಂಡಿತನ ಮಾತನ್ನು ಪರೀಕ್ಷಿಸುವ ಗೊಡವೆಗೆ ಯಾರೂ ಹೋಗಿರಲಿಲ್ಲ.

ಶ್ರೇಣಿಯ ಮುಂದಿನ ಸಂಖ್ಯೆ 4294967297. ಇದು ಅವಿಭಾಜ್ಯವೇ ಎಂದು ನೇರವಾಗಿ ಪರೀಕ್ಷಿಸಬೇಕಾದರೆ ಇದರ ವರ್ಗಮೂಲದವರೆಗಿನ, ಅಂದರೆ 65536ಕ್ಕಿಂತ ಕಡಿಮೆಯಾದ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕು. ಅವು 6542 ಇವೆ. 1732ರಲ್ಲಿ, 25 ವರ್ಷದ ಆಯ್ಲರನು ಈ ಸಂಖ್ಯೆಯು 641ರಿಂದ ನಿಶ್ಶೇಷವಾಗಿ ಭಾಗವಾಗುವುದೆಂದು ಪ್ರಕಟಿಸಿದನು, ಭಾಗಲಬ್ಧ 6700417. ಫರ್ಮಾನ ನಂಬಿಕೆ ಒಂದೇ ಭಾಗಾಕಾರದಿಂದ ಬಿದ್ದುಹೋಯಿತು. ಇದರ ಹಿಂದಿನ ತರ್ಕವನ್ನು ಆಯ್ಲರನು ಅನಂತರದ ಪ್ರಬಂಧವೊಂದರಲ್ಲಿ ವಿವರಿಸಿದ್ದಾನೆ. ಈ ಸಂಖ್ಯೆಗೆ ಅವಿಭಾಜ್ಯ ಭಾಜಕವೇನಾದರೂ ಇದ್ದರೆ, ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಅಂತಹ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಐದನೆಯದರಲ್ಲಿಯೇ ಉತ್ತರ! ಕಣ್ಣುಮುಚ್ಚಿ ಭಾಗಿಸುವವನಿಗೂ ಯೋಚಿಸಿ ಭಾಗಿಸುವವನಿಗೂ ಇರುವ ಅಂತರ ಇಷ್ಟು.

1738ರಲ್ಲಿ ಕಾಯಿಲೆಯ ತರುವಾಯ ಅವನ ಬಲಗಣ್ಣಿನ ದೃಷ್ಟಿ ನಷ್ಟವಾಯಿತು. 1741ರಲ್ಲಿ ಪ್ರಷ್ಯದ ದೊರೆ ಫ್ರೆಡರಿಕನ ಆಹ್ವಾನದ ಮೇಲೆ ಬರ್ಲಿನ್ನಿಗೆ ಹೋಗಿ, 25 ವರ್ಷ ಅಲ್ಲಿ ಸೇವೆ ಸಲ್ಲಿಸಿದನು. ಚತುರ ಸಂಭಾಷಣೆಯನ್ನು ಮೆಚ್ಚುವ ಆ ದೊರೆಗೆ ಸರಳ ಸ್ವಭಾವದ ಈ ವಿದ್ವಾಂಸನ ಬೆಲೆ ತಿಳಿಯಲಿಲ್ಲ.

ಬರ್ಲಿನ್ನಿನ ಕಾಲದ ಕೃತಿಗಳಲ್ಲಿ ಮಿತ್ರಸಂಖ್ಯೆಗಳನ್ನು ಕುರಿತದ್ದು ನಮ್ಮ ವಿದ್ಯಾರ್ಥಿಗಳಿಗೆ ರುಚಿಸೀತು. ಒಂದು ಸಂಖ್ಯೆಯ ಭಾಜಕಗಳನ್ನು, ಅದೇ ಸಂಖ್ಯೆಯನ್ನು ಬಿಟ್ಟು, ಕೂಡಿಸಿದಾಗ ಇನ್ನೊಂದು ಸಂಖ್ಯೆ ಬಂದು, ಆ ಇನ್ನೊಂದರಿಂದ ಮೊದಲನೆಯದು ಬಂದರೆ ಅವು ಮಿತ್ರಸಂಖ್ಯೆಗಳು. 220 ಮತ್ತು 284 ಪ್ರಾಚೀನರಿಗೂ ತಿಳಿದಿದ್ದ ಜೋಡಿ. ಭಾಜಕಗಳನ್ನು ಒಂದೊಂದಾಗಿ ಹುಡುಕುವ ಶ್ರಮವೇ ಬೇಡ. 220 = 2 × 2 × 5 × 11. 2ರ ಪಾಲಿಗೆ 1 + 2 + 4 = 7, 5ರ ಪಾಲಿಗೆ 1 + 5 = 6, 11ರ ಪಾಲಿಗೆ 1 + 11 = 12; ಇವುಗಳ ಗುಣಲಬ್ಧ 504. ಅದರಲ್ಲಿ 220ನ್ನು ಕಳೆದರೆ 284. ಇನ್ನು 284 = 2 × 2 × 71; 7ನ್ನು 72ರಿಂದ ಗುಣಿಸಿದರೆ ಮತ್ತೆ 504, ಅದರಲ್ಲಿ 284 ಕಳೆದರೆ 220. ಅದುವರೆಗೆ ಯೂರೋಪಿನಲ್ಲಿ ಇಂತಹ ಮೂರೇ ಜೋಡಿಗಳು ತಿಳಿದಿದ್ದುವು. ಆಯ್ಲರನು ಅವಿಭಾಜ್ಯ ಅಪವರ್ತನಗಳ ಈ ದಾರಿಯನ್ನೇ ಹಿಡಿದು ಐವತ್ತಕ್ಕೂ ಹೆಚ್ಚು ಹೊಸ ಜೋಡಿಗಳನ್ನು ಹೊರತೆಗೆದನು.

1766ರಲ್ಲಿ ಆತನು ಪೀಟರ್ಸ್‌ಬರ್ಗಿಗೆ ಮರಳಿದನು. ಎಡಗಣ್ಣಿಗೆ ಪೊರೆ ಬಂದು, 1771ರಲ್ಲಿ ಶಸ್ತ್ರಚಿಕಿತ್ಸೆ ನಡೆದು ಸ್ವಲ್ಪ ಕಾಲ ಮರಳಿದ ಬೆಳಕು ಮತ್ತೆ ನಂದಿತು. ಅದೇ ವರ್ಷ ಮನೆಗೆ ಬೆಂಕಿ ಬಿದ್ದಾಗ ಬಾಸೆಲಿನವನೇ ಆದ ಗ್ರಿಮ್ ಎಂಬಾತನು ಈ ವೃದ್ಧನನ್ನು ಹೊತ್ತುಕೊಂಡು ಹೊರಗೆ ತಂದನು. ಎರಡು ವರ್ಷಗಳಲ್ಲಿ ಪತ್ನಿಯೂ ತೀರಿಕೊಂಡಳು. ಇಷ್ಟರ ನಡುವೆಯೂ ಲೇಖನಕಾರ್ಯ ಕುಂಠಿತವಾಗಲಿಲ್ಲ. 1772ರಲ್ಲಿ ಆತನು 2147483647 ಅವಿಭಾಜ್ಯವೆಂದು ತಿಳಿಸಿದನು. ಇಲ್ಲಿಯೂ ಸಾಧ್ಯ ಭಾಜಕಗಳ ಸ್ವರೂಪವನ್ನು ಮೊದಲೇ ನಿರ್ಣಯಿಸಿಕೊಂಡಿದ್ದರಿಂದ ಪರೀಕ್ಷಿಸಬೇಕಾದ ಅವಿಭಾಜ್ಯಗಳು ಕೆಲವು ಸಾವಿರಗಳಿಂದ ಸುಮಾರು ಎಂಬತ್ತಕ್ಕೆ ಇಳಿದುವು.

ಬೀಜಗಣಿತವನ್ನು ಕುರಿತ ಅವನ ಪ್ರಸಿದ್ಧ ಗ್ರಂಥವೂ ದೃಷ್ಟಿ ಮಂಜಾಗಿದ್ದ ಈ ಕಾಲದ್ದೇ. 1768ರಲ್ಲಿ ರಷ್ಯನ್ ಭಾಷೆಯಲ್ಲಿ, 1770ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಆತನು ಹೇಳುತ್ತ ಹೋದಂತೆ ಬರೆದುಕೊಂಡವನು ಹಿಂದೆ ದರ್ಜಿಯ ಕೆಲಸ ಕಲಿತಿದ್ದ ಸೇವಕ. ಬರೆದುಕೊಳ್ಳುತ್ತಲೇ ಬೀಜಗಣಿತವನ್ನು ಕಲಿತನೆಂದು ಮುನ್ನುಡಿ ತಿಳಿಸುತ್ತದೆ. ಗ್ರಂಥದ ಆರಂಭದ ಅಧ್ಯಾಯಗಳಲ್ಲಿಯೇ ಅಪವರ್ತನಗಳ ವಿಚಾರ ಬರುತ್ತದೆ. 360ನ್ನು 2 × 2 × 2 × 3 × 3 × 5 ಎಂದು ಬಿಡಿಸಿಕೊಂಡರೆ, ಅದು 24ರಿಂದ ಭಾಗವಾಗುವುದೆಂದು ಭಾಗಿಸದೆಯೇ ಹೇಳಬಹುದು. 24ಕ್ಕೆ ಬೇಕಾದ ಮೂರು 2ಗಳೂ ಒಂದು 3ಊ ಅದರಲ್ಲಿವೆ. 48ಕ್ಕೆ ನಾಲ್ಕು 2ಗಳು ಬೇಕು, ಇರುವುವು ಮೂರೇ, ಆದುದರಿಂದ ಭಾಗವಾಗದು. ಆದರೆ ಸಂಖ್ಯೆಯನ್ನು ಹೇಗೆ ಬಿಡಿಸಿದರೂ ಅವೇ ಅವಿಭಾಜ್ಯಗಳು ದೊರೆಯುವುವೆಂಬುದನ್ನು ಆಯ್ಲರನು ಸ್ವಯಂಸಿದ್ಧವೆಂದೇ ಎಣಿಸಿದಂತಿದೆ. ಅದಕ್ಕೆ ಸ್ಪಷ್ಟ ಸಾಧನೆಯನ್ನು 1801ರಲ್ಲಿ ಗೌಸ್ ಒದಗಿಸಿದನು.

1783ರ ಸೆಪ್ಟೆಂಬರ್ 18ರಂದು, ಹೊಸದಾಗಿ ಪತ್ತೆಯಾಗಿದ್ದ ಯುರೇನಸ್ ಗ್ರಹದ ಕಕ್ಷೆಯನ್ನು ಕುರಿತು ಸಹೋದ್ಯೋಗಿಯೊಡನೆ ಚರ್ಚಿಸಿದ ಬಳಿಕ ಆಯ್ಲರನು ಕುಸಿದು, ಅದೇ ದಿನ ಕೊನೆಯುಸಿರೆಳೆದನು. ಬರೆದಿಟ್ಟಿದ್ದ ಲೇಖನಗಳ ಪ್ರಕಟಣೆ ಮರಣಾನಂತರವೂ ದಶಕಗಳ ಕಾಲ ನಡೆಯಿತು. 1866ರಲ್ಲಿ ಇಟಲಿಯ ನಿಕೊಲೊ ಪಗಾನಿನಿ ಎಂಬ 16 ವರ್ಷದ ಹುಡುಗನು (ಪ್ರಸಿದ್ಧ ಪಿಟೀಲುವಾದಕನ ಹೆಸರಿನವನೇ, ಆದರೆ ಬೇರೆಯವನು) ಆಯ್ಲರನ ಕಣ್ಣಿಗೂ ತಪ್ಪಿಸಿಕೊಂಡಿದ್ದ ಮಿತ್ರಸಂಖ್ಯೆಗಳ ಒಂದು ಚಿಕ್ಕ ಜೋಡಿಯನ್ನು ಪ್ರಕಟಿಸಿದನು. ಅವು 1184 ಮತ್ತು 1210. ಮೊದಲನೆಯದು ಐದು 2ಗಳ ಮತ್ತು 37ರ ಗುಣಲಬ್ಧ. ಎರಡನೆಯದು 2 × 5 × 11 × 11. ಉಳಿದ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು.