ಪದಗಳ ಹುಟ್ಟೂರು ಹುಡುಕಿದ ದರ್ಜಿಯ ಮಗ

ಕಿತ್ತಳೆಗೆ ಇಂಗ್ಲಿಷಿನವರ ಹೆಸರು ‘ಆರೆಂಜ್’. ಅದರ ಜಾಡು ಹಿಡಿದು ಹಿಂದಕ್ಕೆ ನಡೆದರೆ ಹಳೆಯ ಫ್ರೆಂಚ್, ಅರಬ್ಬಿ, ಪಾರಸಿಗಳನ್ನು ದಾಟಿ ಸಂಸ್ಕೃತದ ‘ನಾರಂಗ’ಕ್ಕೆ ಬಂದು ನಿಲ್ಲುತ್ತೇವೆ. ಆ ನಾರಂಗವೂ ದ್ರಾವಿಡ ಮೂಲದ್ದಿರಬೇಕೆಂಬುದು ಹಲವು ವಿದ್ವಾಂಸರ ಊಹೆ. ಮೊದಲಿನ ನಕಾರವೆಲ್ಲಿ ಹೋಯಿತು? ಇಟಲಿ, ಫ್ರಾನ್ಸ್‌ಗಳ ಮಾತಿನಲ್ಲಿ ‘ಒಂದು’ ಎಂಬರ್ಥದ ಶಬ್ದದ ಕೊನೆಯ ನಕಾರದೊಳಗೆ ಅದು ಕರಗಿಹೋಯಿತೆನ್ನುತ್ತಾರೆ.

ಇಂಥ ಸಾವಿರಾರು ಜಾಡುಗಳನ್ನು ಹಿಡಿದವರು ಸರ್ ಜೇಮ್ಸ್ ಮರ್ರೆ. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಈ ಪದವಿರುವ ‘ಓ’ ಅಕ್ಷರದ ಭಾಗವನ್ನು ಸಂಪಾದಿಸಿದವರೂ ಅವರೇ.

1837ರಲ್ಲಿ ಸ್ಕಾಟ್ಲೆಂಡಿನ ಡೆನ್‌ಹೋಮ್ ಎಂಬ ಹಳ್ಳಿಯಲ್ಲಿ, ದರ್ಜಿಯೊಬ್ಬನ ಮನೆಯಲ್ಲಿ ಹುಟ್ಟಿದರು. 14ನೆಯ ವಯಸ್ಸಿಗೆ ಶಾಲೆ ಮುಗಿಯಿತು. ಭಾಷೆಗಳ ಮೇಲೆ ಭಾಷೆಗಳನ್ನು ತಾವೇ ಕಲಿತರು. ಕ್ಷಯದಿಂದ ನರಳುತ್ತಿದ್ದ ಪತ್ನಿಗೆ ಹವೆ ಬದಲಾಗಲೆಂದು ಲಂಡನ್ನಿಗೆ ಬಂದು ಬ್ಯಾಂಕಿನ ಗುಮಾಸ್ತರಾದರು. ಆಕೆ ಉಳಿಯಲಿಲ್ಲ. ಮುಂದೆ ಮಿಲ್ ಹಿಲ್ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದಾಗ, 1879ರಲ್ಲಿ, ನಿಘಂಟಿನ ಹೊಣೆ ಹೆಗಲಿಗೇರಿತು. ಹತ್ತು ವರ್ಷ ಸಾಕೆಂದು ಎಲ್ಲರೂ ಎಣಿಸಿದ್ದರು.

ಹಿಂದಿನವರು ಕೂಡಿಹಾಕಿದ್ದ ಚೀಟಿಗಳೇ ಸುಮಾರು 2 ಟನ್ ತೂಗುತ್ತಿದ್ದುವು. ಐರ್ಲೆಂಡಿನ ಒಂದು ಲಾಯದಲ್ಲಿ ಸಿಕ್ಕಿದ ಕಂತೆಯ ಬಹುಭಾಗ ಆಗಲೇ ಬೆಂಕಿ ಹೊತ್ತಿಸುವುದಕ್ಕೆ ಬಳಕೆಯಾಗಿಹೋಗಿತ್ತು! ತಗಡಿನ ಕೊಟ್ಟಿಗೆಯೊಂದನ್ನು ಕಟ್ಟಿಸಿ, ಅದರಲ್ಲಿ ಕುಳಿತು ಮರ್ರೆಯವರು ಕೆಲಸಕ್ಕೆ ತೊಡಗಿದರು. ಚೀಟಿಗಳನ್ನು ವಿಂಗಡಿಸಲು ಮನೆಯ ಮಕ್ಕಳೂ ಕೈಗೂಡಿಸಿದರು. ಎರಡನೆಯ ಮದುವೆಯಿಂದ 11 ಮಕ್ಕಳು. 1884ರಲ್ಲಿ 352 ಪುಟಗಳ ಮೊದಲ ಸಂಚಿಕೆ ಹೊರಬಂದಾಗ ನಿಘಂಟು ಇರುವೆಯನ್ನು ಹೇಳುವ ‘ಆಂಟ್’ ಎಂಬ ಪದದವರೆಗೆ ಮಾತ್ರ ಸಾಗಿತ್ತು.

ಪ್ರಕಾಶಕರು ಅವಸರಪಡಿಸಿದರು. ಮರ್ರೆ ಬಗ್ಗಲಿಲ್ಲ. ನಮ್ಮನ್ನು ಈ ಹಟಕ್ಕಿಂತ ಹೆಚ್ಚಾಗಿ ಸೆಳೆಯಬೇಕಾದುದು ಅದರ ಹಿಂದಿದ್ದ ನಿಷ್ಠೆಯೆಂದು ನಾನು ಬಗೆಯುತ್ತೇನೆ. ಪದವೊಂದು ಯಾವ ಕಾಲದಲ್ಲಿ, ಯಾವ ರೂಪದಲ್ಲಿ, ಯಾವ ಅರ್ಥದಲ್ಲಿ ಬಳಕೆಯಲ್ಲಿತ್ತೆಂಬುದಕ್ಕೆ ಬರೆಹದ ಸಾಕ್ಷಿ ಬೇಕು. ಸಾಕ್ಷಿ ಸಿಗದಿದ್ದರೆ ಮೂಲ ತಿಳಿಯದೆಂದೇ ಅಚ್ಚು ಹಾಕಿಸಬೇಕು. ನಮ್ಮಲ್ಲಿಯೂ ನಾದಸಾಮ್ಯವೊಂದನ್ನೇ ನೆಚ್ಚಿ ಪದಗಳಿಗೆ ಕುಲಗೋತ್ರ ಕಟ್ಟುವವರು ಕಡಮೆಯಿಲ್ಲ. ಅಂಥವರಿಗೆ ಮರ್ರೆಯ ಕೊಟ್ಟಿಗೆಯಲ್ಲಿ ಕೆಲಸ ದೊರೆಯುತ್ತಿರಲಿಲ್ಲ.

1885ರಲ್ಲಿ ಆಕ್ಸ್‌ಫರ್ಡಿಗೆ ಬಂದು ನೆಲಸಿದರು. ನೆರೆಯವರ ನೋಟಕ್ಕೆ ಅಡ್ಡಬಾರದೆಂದು ಅಲ್ಲಿಯ ಕೊಟ್ಟಿಗೆಯನ್ನು ನೆಲದಲ್ಲಿ ಅಷ್ಟು ತಗ್ಗಿಸಿ ಕಟ್ಟಬೇಕಾಯಿತು, ಒಳಗೆ ಥಂಡಿ. 1908ರಲ್ಲಿ ‘ಸರ್’ ಬಿರುದು ಬಂತು. ಆ ವಿಶ್ವವಿದ್ಯಾಲಯದ ಡಾಕ್ಟರೇಟ್ ಗೌರವಕ್ಕೆ ಮಾತ್ರ 1914ರವರೆಗೆ ಕಾಯಬೇಕಾಯಿತು.

1915ರ ಜುಲೈ 26ರಂದು ತೀರಿಕೊಂಡಾಗ ಕೈಯಲ್ಲಿದ್ದುದು ‘ಟಿ’ ಅಕ್ಷರ. ಸಹಸಂಪಾದಕರು ಉಳಿದುದನ್ನು ಪೂರೈಸಿದ್ದು 1928ರಲ್ಲಿ. ಅದರ ಹೆಚ್ಚುಕಡಮೆ ಅರ್ಧದಷ್ಟು ಪುಟಗಳು ಮರ್ರೆಯವರವು.